ನಿಂತಪ್ಪ ಕೂತ ಕುರ್ಚಿ

ಆ ಬೀದಿಯ ಬೆತ್ತದ ಕುರ್ಚಿ ಹೆಣೆಯುವವನಿಗೆ ನಿಂತಪ್ಪ ಎಂದು ಹೆಸರಿಟ್ಟವನು ಎದುರಿನ ಗಡಿಯಾರ ರಿಪೇರಿಯವನು. ಹೆಸರಿಡುವುದರಲ್ಲಿ ಅವನದು ಎತ್ತಿದ ಕೈ. ಮೂವತ್ತು ವರ್ಷ ಊರಿಗೆಲ್ಲ ಕೂರುವ ಜಾಗ ಮಾಡಿಕೊಟ್ಟ ಮನುಷ್ಯ ತಾನು ಮಾತ್ರ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಾನೆ ಎಂದರೆ ಬೇರೆ ಇನ್ನೇನು ಹೆಸರು ಬಂದೀತು? ಕುರ್ಚಿಯನ್ನು ಎದೆಮಟ್ಟದ ಮೇಜಿನ ಮೇಲೇರಿಸಿಕೊಂಡು, ಒಂದು ಕಾಲನ್ನು ಮರದ ದಿಮ್ಮಿಯ ಮೇಲಿಟ್ಟು, ಬೆತ್ತದ ಎಳೆಯನ್ನು ತೂತಿನಿಂದ ತೂತಿಗೆ ಎಳೆಯುತ್ತಿದ್ದ.

"ಏನ್ ನಿಂತಪ್ಪೋರೇ, ನಿಮಗೊಂದು ಕುರ್ಚಿ ಮಾಡ್ಕೊಳ್ಳೋಕೆ ಬೆತ್ತ ಸಾಲಲಿಲ್ವಾ?" ಎಂದು ಯಾರಾದರೂ ಕಿಚಾಯಿಸುತ್ತಿದ್ದರು.

"ಕೂತು ಕೂತು ನಿಮಗೆ ಹೊಟ್ಟೆ ಬಂದಿದೆಯಲ್ಲ, ಅದನ್ನ ನೋಡೇ ನಿಂತ್ಕೊಂಡಿರೋದು."

ಅಲ್ಲಿಗೆ ನಗು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಿಂತಪ್ಪನಿಗೆ ಬೇಕಾಗಿದ್ದೂ ಅದೇ. ನಗುವವರು ಹೆಚ್ಚು ಕೇಳುವುದಿಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಸೂರಿನ ಕೊಕ್ಕೆಗಳಲ್ಲಿ ಸೀಟು ಹೋದ ಕುರ್ಚಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬಾಗಿಲ ಪಕ್ಕ ನೀರಿನ ತೊಟ್ಟಿ. ಅದರಲ್ಲಿ ಬೆತ್ತದ ಎಳೆಗಳು ನೆನೆಯುತ್ತಿದ್ದವು. ಬೆತ್ತ ಸೀಳುವುದು, ನೆನೆಹಾಕುವುದು, ಸೀಟಿನ ಸುತ್ತ ಅಂಚು ಕಟ್ಟುವುದು ಹೆಂಡತಿಯ ಪಾಲು. ನಡುವಿನ ಹೆಣಿಗೆ ಅವನದು. ಅವಳು ಎಡಗೈಯವಳು, ಮಾತಿನಲ್ಲಿ ಮಾತ್ರ ಎರಡೂ ಕೈ. ಒದ್ದೆ ಬೆತ್ತ ಒಣಗುತ್ತಾ ಬಿಗಿಯುತ್ತದೆ. ಎಷ್ಟು ಬಿಟ್ಟರೆ ಎಷ್ಟು ಬಿಗಿಯುತ್ತದೆ ಎಂಬುದನ್ನು ಅವನ ಬೆರಳು ಹೇಳುತ್ತಿತ್ತು. ಹಳೆಯ ಸೀಟು ಬಿಚ್ಚುವ ಮುಂಚೆ ಅದನ್ನು ಬೆಳಕಿಗೆ ಓರೆ ಹಿಡಿದು ನೋಡುವುದು ಅವನ ಚಟ. ಸೀಟಿನಲ್ಲಿ ಬಿದ್ದ ಗುಳಿ ನೋಡಿ ಕೂತವರ ಜಾತಕ ಹೇಳುತ್ತಿದ್ದ. "ಇವರು ಕಾಲ ಮೇಲೆ ಕಾಲು ಹಾಕಿ ಕೂರೋರು. ಇವರು ಎದ್ದು ಹೋಗೋಕೆ ಕಾಯ್ತಾ ತುದಿಯಲ್ಲಿ ಕೂರೋರು. ಈ ಕುರ್ಚಿ ಮೇಲೆ ನಿಂತು ಯಾರೋ ಅಟ್ಟದ ಸಾಮಾನು ತೆಗೆದಿದಾರೆ, ಕೇಳಿ ಬೇಕಾದ್ರೆ." ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ನೋವು ಶುರುವಾಗಿ ಐದು ವರ್ಷ. ಆ ವರ್ಷ ಹೆಂಡತಿಯ ಅಕ್ಕ ರೈಲಿನಲ್ಲಿ ಎಂಟು ಗಂಟೆಯ ದೂರದ ಊರಿನಲ್ಲಿ ಹೊಸ ಮನೆ ಹಿಡಿದಿದ್ದರು. ಅವರಿಗೆಂದು ಒಂದು ಜೊತೆ ಕುರ್ಚಿ ಹೆಣೆದ. ತಾನೇ ಒಯ್ದು ಕೊಟ್ಟು ಎರಡು ದಿನ ಇದ್ದು ಬರಬೇಕೆಂದಿದ್ದವನು, ಕುರ್ಚಿಗಳನ್ನು ಲಾರಿಯಲ್ಲಿ ಕಳಿಸಿ ತಾನು ಮನೆಯಲ್ಲೇ ಉಳಿದ. ಆ ವಾರ ಕೂತರೆ ಸಾಕು, ಕೆಳಗೆ, ಎರಡು ತೊಡೆಗಳು ಸೇರುವ ನಡುವೆ, ಒಳಗಿನಿಂದ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ ಆಗುತ್ತಿತ್ತು. ಮೂತ್ರಕ್ಕೆ ಹೋದರೆ ಉರಿ, ಬಂದರೆ ಮತ್ತೆ ಹೋಗಬೇಕೆನ್ನುವ ಅವಸರ. ಇದನ್ನು ಹೆಂಡತಿಗೆ ಯಾವ ಬಾಯಿಂದ ಹೇಳುವುದು? "ಏನ್ರೀ, ಎಲ್ಲಿ ನೋವು?" ಎಂದವಳಿಗೆ "ಸೊಂಟ" ಎಂದುಬಿಟ್ಟ. ಒಂದು ಗೇಣು ಮೇಲೆ ಸರಿಸಿ ಹೇಳಿದ್ದು, ಅಷ್ಟೇ. ಆದರೆ ಆ ಒಂದು ಗೇಣು ಐದು ವರ್ಷ ಕಾಡಿತು. ಅವಳು ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಸೊಂಟಕ್ಕೆ ತಿಕ್ಕುತ್ತಿದ್ದಳು, ಇವನು ಬೋರಲು ಮಲಗಿ ಬೇಕಾದ ಕಡೆ "ಹಾ, ಅಲ್ಲೇ" ಎಂದು ನರಳುತ್ತಿದ್ದ. ಅವನ ಸೊಂಟದಷ್ಟು ಗಟ್ಟಿಮುಟ್ಟಾದ ಸೊಂಟ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಬೀದಿಯ ಕೊನೆಯ ಡಾಕ್ಟರು ಸೋಂಕಿರಬೇಕೆಂದು ಹತ್ತು ದಿನದ ಮಾತ್ರೆ ಕೊಟ್ಟರು. ಸ್ವಲ್ಪ ಇಳಿಯಿತು, ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತದೇ ಮಾತ್ರೆ. ಹೀಗೆ ಮೂರು ಸಲ ಆದ ಮೇಲೆ ನಿಂತಪ್ಪ, ಬೆತ್ತ ತರಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ, ಎರಡು ಗಂಟೆ ಬಸ್ಸಿನಲ್ಲಿ ನಿಂತು ದೊಡ್ಡಾಸ್ಪತ್ರೆಗೆ ಹೋದ.

ಅಲ್ಲಿನ ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. ಕೂತರೆ ಜಾಸ್ತಿಯಾ, ಹೆಂಡತಿ ಜೊತೆ ಸೇರಿದ ಮೇಲೆ ನೋಯುತ್ತಾ, ಎಲ್ಲವನ್ನೂ ಹೆಸರು ಬರೆದುಕೊಳ್ಳುವಷ್ಟು ಸಲೀಸಾಗಿ ಕೇಳಿದರು. ನಿಂತಪ್ಪನ ಕಿವಿ ಕೆಂಪಾಯಿತು. ಮೂತ್ರ, ರಕ್ತ, ಸ್ಕ್ಯಾನು ಎಲ್ಲ ನೋಡಿದ ಮೇಲೆ ಅವರು ಕಾಗದ ಮಡಚಿಟ್ಟರು.

"ಕ್ಯಾನ್ಸರ್ ಅಲ್ಲ. ಸೋಂಕೂ ಇಲ್ಲ. ಸೋಂಕಿಲ್ಲದೆ ಆ ಮಾತ್ರೆ ನುಂಗಿ ಏನು ಪ್ರಯೋಜನ? ಇದು ಕೆಳಹೊಟ್ಟೆಯ ಕೆಳಗಿನ ದೀರ್ಘಕಾಲದ ನೋವು. ತುಂಬ ಗಂಡಸರಿಗಿದೆ, ಯಾರೂ ಬಾಯಿ ಬಿಡಲ್ಲ. ಒಂದೇ ಮಾತ್ರೆಗೆ ಹೋಗಲ್ಲ. ಒಂದೊಂದಾಗಿ ನೋಡೋಣ, ಕೆಲಸ ಮಾಡಿದ್ದನ್ನ ಇಟ್ಕೊಳ್ಳೋಣ, ಮಾಡದ್ದನ್ನ ಬಿಡೋಣ."

ಮೊದಲು ಮೂತ್ರದ ದಾರಿಯನ್ನು ಸಡಿಲಿಸುವ ಮಾತ್ರೆ. ತಟ್ಟನೆ ಎದ್ದರೆ ತಲೆ ಸುತ್ತಬಹುದು, ನಿಧಾನ ಎಂದಿದ್ದರು. ಇವನು ಮರೆತು ಬಗ್ಗಿ ಬೆತ್ತ ಎತ್ತಿ ಎದ್ದಾಗ ಅಂಗಡಿ ಗಿರ್ರೆಂದು ತಿರುಗಿ, ನೇತಾಡುತ್ತಿದ್ದ ಕುರ್ಚಿಯೊಂದನ್ನು ಅಪ್ಪಿಕೊಂಡು ನಿಂತ. ಆರು ವಾರದಲ್ಲಿ ಮೂತ್ರದ ಅವಸರ ಕಡಿಮೆಯಾಯಿತು, ನೋವು ಅಲ್ಲೇ ಇತ್ತು. ನೋವು ಬಾವು ಇಳಿಸುವ ಮಾತ್ರೆಯನ್ನು ದಿನಾ ತೆಗೆದುಕೊಂಡರೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ತೀರಾ ಕೆಟ್ಟ ದಿನಗಳಿಗೆ ಮಾತ್ರ, ಊಟವಾದ ಮೇಲೆ ಎಂದು ಡಾಕ್ಟರು ಗೆರೆ ಎಳೆದರು. ಆಮೇಲೆ ಬಂತು ಒಂದು ಪುಟ್ಟ ಮಾತ್ರೆ. ಅದರ ಜೊತೆಗಿದ್ದ ಚೀಟಿಯನ್ನು ಓದಿದರೆ ಖಿನ್ನತೆಗೆ ಕೊಡುವುದು ಎಂದಿದೆ! ನಿಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಸಲ "ಡಾಕ್ಟ್ರೇ, ನನಗೆ ತಲೆ ನೆಟ್ಟಗೇ ಇದೆ" ಎಂದ.

"ತಲೆಗಲ್ಲಪ್ಪಾ, ನರಕ್ಕೆ. ಬಹಳ ಕಾಲ ನೋವು ಸಾರಿ ಸಾರಿ ನರಕ್ಕೆ ಅದೇ ಅಭ್ಯಾಸ ಆಗಿದೆ. ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಅದರ ಗಲಾಟೆ ತಗ್ಗುತ್ತೆ. ಬಾಯಿ ಒಣಗುತ್ತೆ, ಬೆಳಿಗ್ಗೆ ಸ್ವಲ್ಪ ಮಂಪರು. ಒಂದು ತಿಂಗಳು ತಾಳ್ಮೆ ಇರಲಿ. ನೀವಾಗೇ ನಿಲ್ಲಿಸಬೇಡಿ."

ನಾಲ್ಕು ವಾರ ಬಾಯಿ ಒಣಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಐದನೆಯ ವಾರ ಒಂದು ದಿನ ಸೀಟು ಹೆಣೆದು ಮುಗಿಸಿ ಕೈ ತೊಳೆಯುವಾಗ, ಬೆಳಗಿನಿಂದ ಆ ಹೆಬ್ಬೆರಳಿನ ನೆನಪೇ ಬರಲಿಲ್ಲವಲ್ಲ ಎನ್ನಿಸಿತು. ಅವನು ಒದ್ದೆ ಕೈಯಲ್ಲೇ ಸುಮ್ಮನೆ ನಿಂತು ನಕ್ಕ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಇನ್ನೊಂದು ಮಾತು ಹೇಳಿದಳು. ಕೆಳಗಿನ ಸ್ನಾಯುಗಳನ್ನು ನೀವು ಗೊತ್ತಿಲ್ಲದೆ ಬಿಗಿ ಹಿಡಿದಿದ್ದೀರಿ, ಬಿಗಿಯುವ ವ್ಯಾಯಾಮ ಬೇಡ, ಉಸಿರು ಬಿಡುತ್ತಾ ಸಡಿಲ ಬಿಡುವುದನ್ನು ಕಲಿಯಿರಿ ಎಂದು. ಬೇರೆಯವರಿಗೆ ಅದು ಅರ್ಥವಾಗಲು ವಾರ ಹಿಡಿಯುತ್ತಿತ್ತಂತೆ. ಇವನಿಗೆ ಕೂಡಲೇ ಆಯಿತು. ತೀರಾ ಬಿಗಿ ಹೆಣೆದ ಸೀಟು ಕೂತವರನ್ನು ತಾಳುವುದಿಲ್ಲ, ಎಲ್ಲೋ ಒಂದು ಕಡೆ ಕಿತ್ತುಕೊಳ್ಳುತ್ತದೆ. ಅದೇ ತಾನೇ?

ಒಟ್ಟಿನಲ್ಲಿ ನೋವು ಹೋಗಲಿಲ್ಲ, ಹದಕ್ಕೆ ಬಂತು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಐದು ನಿಮಿಷ ಕೂರಲಾಗುತ್ತಿರಲಿಲ್ಲ. ವಿಚಿತ್ರವೆಂದರೆ ಒಳಗೆ ಊಟದ ಕುರ್ಚಿಯಲ್ಲಿ ಅರ್ಧ ಗಂಟೆ ಆರಾಮವಾಗಿ ಕೂರುತ್ತಿದ್ದ. ಡಾಕ್ಟರನ್ನು ಕೇಳಿದ. "ಮನೆಯಲ್ಲಿ ಮನಸ್ಸು ಹಗುರ ಇರುತ್ತೆ, ಅದೂ ಇರಬಹುದು" ಎಂದರು. ಇವನೂ ಹೌದಿರಬೇಕು ಎಂದುಕೊಂಡ. ಮಾತ್ರೆಗಳನ್ನೆಲ್ಲ ಮೇಲಿನ ಹಲಗೆಯ ಮೇಲೆ, ಎಳೆ ಜಾರದಂತೆ ತೂತಿಗೆ ಸಿಕ್ಕಿಸಿ ಸವೆದ ಮರದ ಬೆಣೆಗಳನ್ನು ಹಾಕಿಡುವ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಸವೆದ ಬೆಣೆ ಯಾರಿಗೆ ಬೇಕು?

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಹೆಂಡತಿ ತೊಟ್ಟಿಯ ಪಕ್ಕ ನಿಂತು, ಕೈ ಒರೆಸಿಕೊಂಡು, ಒಂದು ಮಡಚಿದ ಕಾಗದವನ್ನು ಅವನ ಮೇಜಿನ ಮೇಲಿಟ್ಟಳು.

"ಅಕ್ಕನ ಊರಿಗೆ ಎರಡು ಟಿಕೆಟ್ಟು. ಬರೋ ಮಂಗಳವಾರ."

ಅವನು ನಾಲ್ಕು ವರ್ಷ ನಾಲ್ಕು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಎಂಟು ಗಂಟೆ ಹೆಂಡತಿಯ ಪಕ್ಕ ಕೂತು, ಮುಖ ಕಿವುಚದೆ, ನಾಲ್ಕು ಸಲ ಎದ್ದು ಓಡದೆ ಹೋಗುವುದು ಸಾಧ್ಯವೇ ಇರಲಿಲ್ಲ.

"ನೀನು ಹೋಗಿ ಬಾರೇ. ಅಂಗಡಿ ಯಾರು ನೋಡ್ಕೋತಾರೆ?"

"ಅಂಗಡಿಗೇನು ಕಾಲು ಬಂದು ಓಡಿಹೋಗುತ್ತಾ? ಅಕ್ಕನ ಮಂಡಿ ಪೂರ್ತಿ ಹೋಗಿದೆ. ಅವಳು ಬರೋ ಕಾಲ ಮುಗೀತು. ನಾನೊಬ್ಬಳೇ ಹೋದರೆ ‘ನಿನ್ನ ಗಂಡನಿಗೆ ನಾನು ಏನು ಅಂದಿದ್ದೆ?’ ಅಂತ ಮತ್ತೆ ಕೇಳ್ತಾಳೆ. ನಾಲ್ಕು ಸಲ ಕೇಳಿದಾಳೆ. ನನ್ನ ಹತ್ರ ಉತ್ತರ ಇಲ್ಲ ರೀ."

ಅವಳು ಜೋರು ಮಾಡಿದ್ದರೆ ಜಗಳವಾಡಬಹುದಿತ್ತು. ಅವಳು ಮೆಲ್ಲಗೆ ಹೇಳಿ ಒಳಗೆ ಹೋದಳು. ನಿಂತಪ್ಪ ಟಿಕೆಟ್ಟನ್ನು ಬಿಡಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡ. ಆರು ದಿನ ಉಳಿದಿತ್ತು. ಒಂದೋ ಬಾಯಿ ಬಿಡಬೇಕು, ಇಲ್ಲವೇ ಐದನೆಯ ನೆಪ ಹುಡುಕಬೇಕು.

ಐದನೆಯ ನೆಪ ಹುಡುಕುತ್ತಲೇ ಎರಡು ದಿನ ಕಳೆದ. ಮೂರನೆಯ ದಿನ ನಿವೃತ್ತ ಬಸ್ ಡ್ರೈವರ್ ಒಬ್ಬರು ಕುರ್ಚಿ ಹೊತ್ತು ತಂದರು. ಎತ್ತರದ ಆಳು, ಎಂಜಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ದಪ್ಪಗಾದ ದನಿ.

"ಸೀಟು ಬದಲಾಯಿಸಿ. ಯಾಕೋ ಸರಿಯಿಲ್ಲ, ಒತ್ತುತ್ತೆ."

ನಿಂತಪ್ಪ ಅದನ್ನು ಬೆಳಕಿಗೆ ಓರೆ ಹಿಡಿದ. ನಡುವೆ ಗುಳಿಯೇ ಇಲ್ಲ. ಎಡತುದಿಯಲ್ಲಿ ಒಂದು, ಬಲತುದಿಯಲ್ಲಿ ಒಂದು, ಮುಂದಿನ ಅಂಚಿನ ಬಳಿ ತೊಡೆಯ ಭಾರ ಬಿದ್ದ ಗುರುತು. ಈ ಮನುಷ್ಯ ಐದೈದು ನಿಮಿಷಕ್ಕೆ ಒಂದು ಪೃಷ್ಠದಿಂದ ಇನ್ನೊಂದಕ್ಕೆ ಹೊರಳುತ್ತಾನೆ, ನಡುವನ್ನು ಮಾತ್ರ ಊರುವುದಿಲ್ಲ. ಈ ಸೀಟಿನ ಭಾಷೆ ನಿಂತಪ್ಪನಿಗೆ ಓದಿ ಬಾಯಿಪಾಠವಾಗಿತ್ತು.

"ಅಣ್ಣಾ, ಒಂದು ಮಾತು ಕೇಳಲಾ, ತಪ್ಪು ತಿಳ್ಕೋಬೇಡಿ. ನಿಮಗೆ ಕೂತರೆ ನೋವಾ? ಸೊಂಟ ಅಲ್ಲ. ಕೆಳಗೆ, ನಡುವೆ."

ಡ್ರೈವರ್ ಬೀದಿಯತ್ತ ಒಮ್ಮೆ ನೋಡಿ, ಬಾಗಿಲನ್ನು ಅರ್ಧ ಮುಚ್ಚಿದರು. ಆ ದಪ್ಪ ದನಿ ಎಲ್ಲಿ ಹೋಯಿತೋ, ಪಿಸುಗುಟ್ಟಿದರು. "ನಿಮಗೆ ಯಾರು ಹೇಳಿದ್ರು?"

"ನಿಮ್ಮ ಕುರ್ಚಿ. ನನಗೂ ಇದೆ. ಐದು ವರ್ಷ."

ಐದು ವರ್ಷದಲ್ಲಿ ಆಸ್ಪತ್ರೆಯ ಹೊರಗೆ ಈ ಮಾತು ಅವನ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಡ್ರೈವರ್ ಗೋಡೆಗೆ ಒರಗಿ ನಿಂತರು, ಇವನು ಮೇಜಿಗೆ ಒರಗಿ ನಿಂತ. ಕುರ್ಚಿಗಳಿಂದ ತುಂಬಿದ ಆ ಕೋಣೆಯಲ್ಲಿ ಇಬ್ಬರೂ ಒಂದು ಗಂಟೆ ನಿಂತೇ ಮಾತಾಡಿದರು. ಡ್ರೈವರ್ ಯಾರೋ ಗೆಳೆಯ ಕೊಟ್ಟ ಸೋಂಕಿನ ಮಾತ್ರೆಯನ್ನು ನೋವು ಬಂದಾಗ ನುಂಗುತ್ತಿದ್ದರಂತೆ, ಹೋದಾಗ ಬಿಡುತ್ತಿದ್ದರಂತೆ.

"ಬಿಟ್ಟುಬಿಡಿ ಅಣ್ಣಾ ಅದನ್ನ. ಮೊದಲು ಪರೀಕ್ಷೆ ಮಾಡಿಸಿ. ನನ್ನ ಮಾತ್ರೆ ನಿಮಗಾಗುತ್ತೆ ಅಂತಿಲ್ಲ, ನಿಮ್ಮದು ನನಗಾಗಲ್ಲ. ಡಾಕ್ಟರು ಒಂದೊಂದಾಗಿ ಹಾಕಿ ನೋಡ್ತಾರೆ. ಬೇಗ ಆಗಲ್ಲ, ಆದರೆ ಆಗುತ್ತೆ. ನಾನೀಗ ಮನೇಲಿ ಅರ್ಧ ಗಂಟೆ ಕೂತು ಊಟ ಮಾಡ್ತೀನಿ."

"ನಿಮ್ಮ ಮನೆಯವರು ಏನಂದ್ರು?"

"ಅವಳಿಗೆ ಗೊತ್ತಿಲ್ಲ. ಸೊಂಟ ಅಂತ ಹೇಳಿದೀನಿ."

ಡ್ರೈವರ್ ಹುಬ್ಬು ಮೇಲೆ ಹೋಯಿತು. "ಅಲ್ಲಾ ಮಾರಾಯರೇ, ನನ್ನ ಕುರ್ಚಿ ನೋಡಿ ನೀವು ಕಂಡುಹಿಡಿದ್ರಿ. ನಿಮ್ಮ ಹೆಂಡತೀನೂ ಇದೇ ಕಸುಬಿನವರು. ನಿಮ್ಮನೇಲಿ ಕುರ್ಚಿ ಇಲ್ವಾ?"

ಡ್ರೈವರ್ ಹೋದ ಮೇಲೂ ಆ ಮಾತು ಅಲ್ಲೇ ಉಳಿಯಿತು. ಊರವರ ಸೀಟುಗಳನ್ನೆಲ್ಲ ಬೆಳಕಿಗೆ ಹಿಡಿದವನು ತನ್ನ ಸೀಟನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಹೆಂಡತಿ ತರಕಾರಿಗೆ ಹೋಗಿದ್ದಳು. ನಿಂತಪ್ಪ ಒಳಗೆ ಹೋಗಿ ತನ್ನ ಊಟದ ಕುರ್ಚಿಯನ್ನು ಕಿಟಕಿಯ ಹತ್ತಿರ ಎತ್ತಿ ತಂದ.

ಎಡಕ್ಕೊಂದು ಬಲಕ್ಕೊಂದು ಗುಳಿ ಇರಬೇಕಿತ್ತು. ಇರಲಿಲ್ಲ. ಸೀಟು ಹಳೆಯದೇ ಅಲ್ಲ, ಒಂದೆರಡು ವರ್ಷದ ಹೆಣಿಗೆ. ಸುತ್ತ ಬಿಗಿ, ನಡುವಿನಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗ ಬೇಕೆಂದೇ ಸಡಿಲ ಬಿಟ್ಟದ್ದು, ಮುಂದಕ್ಕೆ ಇನ್ನಷ್ಟು ಸಡಿಲ. ಅಂಥ ಸೀಟನ್ನು ಅವನು ಜನ್ಮದಲ್ಲೇ ಹೆಣೆದಿರಲಿಲ್ಲ. ತಿರುಗಿಸಿ ಕೆಳಗಿನ ಗಂಟುಗಳನ್ನು ನೋಡಿದ. ಒಂದೊಂದು ಗಂಟೂ ಎಡಗೈಯಿಂದ ಸುತ್ತಿದ್ದಾಗಿತ್ತು.

ಅವನು ಕುರ್ಚಿಯನ್ನು ಕೆಳಗಿಟ್ಟು ಅದರಲ್ಲೇ ಕೂತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಬೇಕೆಂದೂ ಹೊಳೆಯಲಿಲ್ಲ. ಹೆಂಡತಿ ಚೀಲ ಹಿಡಿದು ಬಂದವಳು ಕಿಟಕಿಯ ಬಳಿ ಕುರ್ಚಿಯನ್ನೂ ಅವನನ್ನೂ ನೋಡಿದಳು.

"ಅಂತೂ ತಿರುಗಿಸಿ ನೋಡಿದ್ರಿ."

"ಯಾವಾಗ ಹೆಣೆದೆ ಇದನ್ನ?"

"ನೀವು ಬೆತ್ತ ತರೋಕೆ ಹೋಗಿ ಬರೀ ಕೈಯಲ್ಲಿ ಬರ್ತಿದ್ರಲ್ಲ, ಆ ದಿನಗಳಲ್ಲಿ. ಮೂರು ಸಲ ಹೆಣೆದಿದೀನಿ. ಮೊದಲನೆಯದು ಬಿಗಿಯಾಯ್ತು, ನೀವು ಅರ್ಧ ಊಟಕ್ಕೇ ಎದ್ರಿ. ಎರಡನೆಯದು ಜೋತುಬಿತ್ತು. ಇದು ಸರಿಹೋಯ್ತು."

ನಿಂತಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆತ್ತ ತರಲು ಹೋದವನು ಬೆತ್ತ ತರಬೇಕೆಂಬುದೇ ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ.

"ಮತ್ತೆ ಸೊಂಟಕ್ಕೆ ಎಣ್ಣೆ ಯಾಕೆ ತಿಕ್ತಿದ್ದೆ?"

"ನೀವು ಸೊಂಟ ಅಂದ್ರಿ, ಸೊಂಟಕ್ಕೇ ತಿಕ್ಕಿದೆ. ‘ಹಾ, ಅಲ್ಲೇ’ ಅಂತ ನೀವೇ ನರಳ್ತಿದ್ರಲ್ಲ!" ಎಂದು ನಕ್ಕವಳು, ಚೀಲ ಕೆಳಗಿಟ್ಟಳು. "ಮೊದಲ ಸಲ ಆ ಬೆಣೆ ಡಬ್ಬಿ ತೆಗೆದಾಗ ಜೀವ ಬಾಯಿಗೆ ಬಂದಿತ್ತು. ದೊಡ್ಡ ಕಾಯಿಲೆ, ನನಗೆ ಹೇಳೋಕಾಗದೆ ಮುಚ್ಚಿಟ್ಟಿದೀರಿ ಅಂದ್ಕೊಂಡೆ. ಒಂದು ವಾರ ಅನ್ನ ಇಳೀಲಿಲ್ಲ. ಆಮೇಲೆ ಔಷಧಿ ಅಂಗಡಿಯವಳ ಹತ್ರ ಮಾತ್ರೆ ಖಾಲಿಯಾದ ಹಾಳೆ ತಗೊಂಡು ಹೋದೆ. ನರದ ನೋವಿಗೂ ಕೊಡ್ತಾರೆ, ಹೆದರಬೇಡಿ, ನಿಮ್ಮ ಯಜಮಾನರನ್ನೇ ಕೇಳಿ ಅಂದಳು. ಕೇಳಿದರೆ ನಿಮಗೆ ನಾಚಿಕೆ ಆಗುತ್ತೆ ಅಂತ ಕೇಳಲಿಲ್ಲ. ನೀವಾಗೇ ಹೇಳ್ತೀರಿ, ಹೇಳ್ತೀರಿ ಅಂತ ಕಾದೆ."

ತನ್ನ ನಾಚಿಕೆಯನ್ನು ಕಾಪಾಡಿಕೊಳ್ಳಲು ಹೋಗಿ ಅವಳಿಗೆ ಒಂದು ವಾರ ಅನ್ನ ಇಳಿಯದಂತೆ ಮಾಡಿದ್ದೆ ಎಂಬುದು ನಿಂತಪ್ಪನಿಗೆ ನೋವಿಗಿಂತ ಹೆಚ್ಚು ನೋಯಿಸಿತು. "ತಪ್ಪಾಯ್ತು ಕಣೇ" ಎಂದ. ಆಮೇಲೆ ಮೊದಲಿನಿಂದ, ಒಂದು ಗೇಣೂ ಮೇಲೆ ಸರಿಸದೆ, ಎಲ್ಲಿ ನೋವು, ಯಾವಾಗ, ಯಾವ ಮಾತ್ರೆ ಏನು ಮಾಡಿತು, ಅವಳ ಮಗ್ಗುಲಿನಿಂದ ಯಾಕೆ ಸರಿದು ಮಲಗುತ್ತಿದ್ದೆ ಎಂಬುದನ್ನೂ ಬಿಡದೆ ಹೇಳಿದ. ಅವಳು ಬೀನ್ಸಿನ ನಾರು ತೆಗೆಯುತ್ತಾ ಎಲ್ಲ ಕೇಳಿದಳು. ಕೊನೆಯ ಮಾತಿಗೆ ಮಾತ್ರ ಕೈ ನಿಲ್ಲಿಸಿ, "ಅದನ್ನಾದರೂ ಮೊದಲೇ ಹೇಳಬಾರದಿತ್ತಾ? ನನಗೆ ವಯಸ್ಸಾಯ್ತು ಅಂತ ಅಂದ್ಕೊಂಡಿದ್ದೆ" ಎಂದಳು. ನಿಂತಪ್ಪ ನಾಲಿಗೆ ಕಚ್ಚಿಕೊಂಡ.

"ಎಂಟು ಗಂಟೆ ಕೂರೋಕೆ ನನಗಾಗಲ್ಲ, ಅದಕ್ಕೇ ಅಕ್ಕನ ಊರಿಗೆ..."

"ಟಿಕೆಟ್ಟು ಬಿಡಿಸಿ ನೋಡಿದ್ರಾ?"

ಜೇಬಿನಿಂದ ತೆಗೆದು ಬಿಡಿಸಿದ. ಹಗಲು ರೈಲಿನಲ್ಲಿ ಎರಡು ಮಲಗುವ ಜಾಗ. ಒಂದು ಕೆಳಗಿನದು.

ಮಂಗಳವಾರ ಮಾತ್ರೆಯ ಡಬ್ಬಿ ಅವಳ ಕೈಚೀಲದಲ್ಲಿ ರಾಜಾರೋಷವಾಗಿ ಹೊರಟಿತು. ನಿಂತಪ್ಪ ಒಂದಷ್ಟು ಹೊತ್ತು ಮಲಗಿದ, ಒಂದಷ್ಟು ಹೊತ್ತು ಬಾಗಿಲ ಬಳಿ ನಿಂತ, ಅವಳ ಪಕ್ಕ ಕೂತು ಕಡಲೆಕಾಯಿ ಸುಲಿದ. ನಾಲ್ಕು ಸಲವಲ್ಲ, ಆರು ಸಲ ಮೂತ್ರಕ್ಕೆ ಎದ್ದ. ಪ್ರತಿ ಸಲವೂ ಅವಳು ಕಾಲು ಮಡಚಿ ದಾರಿ ಬಿಟ್ಟಳು. ಎದುರು ಸೀಟಿನವರು "ಯಾಕೆ ಸರ್, ಕೂತ್ಕೊಳ್ಳಿ" ಎಂದಾಗ, "ಕೂತರೆ ಕೆಳಗೆ ನೋಯುತ್ತೆ ಸರ್, ಆಗಾಗ ನಿಲ್ಲಬೇಕು" ಎಂದು ಹವಾಮಾನ ಹೇಳಿದಷ್ಟು ಸುಲಭವಾಗಿ ಹೇಳಿದ. ಹೇಳಿ ತಾನೇ ಬೆರಗಾದ.

ಅಕ್ಕ ಬಾಗಿಲಲ್ಲಿ ಕೋಲು ಊರಿಕೊಂಡು ನಿಂತಿದ್ದರು. ತಂಗಿಯನ್ನು ತಬ್ಬಿಕೊಂಡು ಅತ್ತು, ಇವನತ್ತ ತಿರುಗಿ ಕಣ್ಣೊರೆಸಿಕೊಂಡರು. "ದಾರಿ ನೆನಪಾಯ್ತಾ ನಿಮಗೆ?"

"ದಾರಿ ಮರೆತಿರಲಿಲ್ಲ ಅತ್ತಿಗೆ. ನನಗೆ ಕೂತರೆ ಕೆಳಗೆ ನೋವು, ಐದು ವರ್ಷದಿಂದ. ಹೇಳೋಕೆ ನಾಚಿಕೆಯಾಗಿ ನೆಪ ಹೇಳ್ತಿದ್ದೆ. ನಿಮ್ಮ ಮೇಲೆ ಏನೂ ಇರಲಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದರು. "ಅಷ್ಟೇನಾ? ನಾನು ಏನು ಅಂದೆ, ಏನು ಅಂದೆ ಅಂತ ಐದು ವರ್ಷ ತಲೆ ಕೆಡಿಸಿಕೊಂಡೆನಲ್ಲಪ್ಪಾ! ನನಗೆ ಕೂತರೆ ಏಳೋಕಾಗಲ್ಲ, ನಿಮಗೆ ನಿಂತರೆ ಕೂರೋಕಾಗಲ್ಲ. ಒಳ್ಳೇ ನೆಂಟರು."

ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. ಒಳಗಿನ ಕೋಣೆಯಲ್ಲಿ ಅವನು ಹೆಣೆದು ಕಳಿಸಿದ್ದ ಎರಡು ಕುರ್ಚಿಗಳು ಎದುರುಬದುರು ಇದ್ದವು. ನಿಂತಪ್ಪನ ಕಣ್ಣು ಚಟದಂತೆ ಸೀಟಿನ ಮೇಲೆ ಹೋಯಿತು. ಒಂದರಲ್ಲಿ ಅಕ್ಕ ಕೂತು ಕೂತು ಆಳವಾದ ಗುಳಿ. ಇನ್ನೊಂದು ಅವನು ಅಂಗಡಿಯಿಂದ ಕಳಿಸಿದ ದಿನ ಹೇಗಿತ್ತೋ ಹಾಗೆಯೇ, ತಬಲದಂತೆ ಬಿಗಿಯಾಗಿತ್ತು.

"ಅದು ನಿಮಗೇ ಅಂತ ಇಟ್ಟಿದ್ದು" ಎಂದರು ಅಕ್ಕ. "ಯಾರನ್ನೂ ಕೂರಿಸಿಲ್ಲ. ಪೋಸ್ಟಿನವನು ಒಂದ್ಸಲ ಕೂರೋಕೆ ಹೋದ, ಎಬ್ಬಿಸಿಬಿಟ್ಟೆ. ಇರಲಿ ಬಿಡಿ, ನೀವು ನಿಂತೇ ಕಾಫಿ ಕುಡೀರಿ."

ನಿಂತಪ್ಪ ಉಸಿರು ಬಿಡುತ್ತಾ, ಕೆಳಗೆ ಸಡಿಲ ಬಿಡುತ್ತಾ, ಆ ಕುರ್ಚಿಯಲ್ಲಿ ನಿಧಾನವಾಗಿ ಕೂತ. ಸೀಟು ಗಟ್ಟಿಯಾಗಿತ್ತು. ಅವನ ಕೈಯೇ ಹೆಣೆದದ್ದು, ಯಾರನ್ನು ದೂರುವುದು? ಹೆಬ್ಬೆರಳು ಒತ್ತತೊಡಗಿತು. ಒತ್ತಲಿ ಎಂದುಕೊಂಡು, ಅಕ್ಕ ಕೊಟ್ಟ ಕಾಫಿಯನ್ನು ಒಂದೊಂದೇ ಗುಟುಕು ಕುಡಿದ. ಲೋಟ ಖಾಲಿಯಾಗುವವರೆಗೂ ಏಳಲಿಲ್ಲ. ಇಷ್ಟು ಸುಖವಾದ ನೋವನ್ನು ಅವನು ಅನುಭವಿಸಿರಲಿಲ್ಲ.

"ಸಾಕು, ಏಳಿ" ಎಂದಳು ಹೆಂಡತಿ.

ಎದ್ದು, ತಿರುಗಿ ಸೀಟು ನೋಡಿದ. ಹತ್ತು ನಿಮಿಷಕ್ಕೆ ಬೆತ್ತದಲ್ಲಿ ಗುಳಿ ಬೀಳುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳೂ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು.

"ಇನ್ನೂ ನಾಲ್ಕು ದಿನ ಇರ್ತೀವಲ್ಲ," ಎಂದಳು, "ಬೀಳುತ್ತೆ ಬಿಡಿ."